ಠಾಣೆಯ ಕರೆ, ದೇವರ ಆಣೆ

‘ಠಾಣೆಗೆ ಬರ್ಬೇಕಂತೆ’. ನಂಜನಗೂಡು, ತಿ. ನರಸೀಪುರದ ಕೇರಿಗಳಲ್ಲಿ ಈ ಒಂದು ಮಾತು ಸಾಕು, ಒಲೆ ಮೇಲಿನ ಹಿಟ್ಟು ಅಲ್ಲೇ ನಿಲ್ಲುತ್ತದೆ. ಕರೆದದ್ದು ಆರೋಪಿಯೆಂದೋ ಸಾಕ್ಷಿಯೆಂದೋ ಕೇಳುವ ಧೈರ್ಯ ನಮಗಿರಲಿಲ್ಲ. ಈ ಭಯಕ್ಕೂ ಒಂದು ಚರಿತ್ರೆಯಿದೆ.

ಹಿಂದೆ ಪಟೇಲನ ಕರೆ ಬಾಯಿಮಾತಿನಲ್ಲೇ ಬರುತ್ತಿತ್ತು. ಹೊತ್ತು ತರುತ್ತಿದ್ದವನೂ ನಮ್ಮವನೇ, ತೋಟಿ. ಚಾವಡಿ ಮುಂದೆ ನಿಲ್ಲಿಸಿ ‘ಆಣೆ ಮಾಡ್ಲಾ’ ಅನ್ನುತ್ತಿದ್ದರು. ಯಾವ ಗುಡಿಯೊಳಕ್ಕೆ ನಮ್ಮನ್ನು ಬಿಡುತ್ತಿರಲಿಲ್ಲವೋ ಆ ಗುಡಿಯ ದೇವರ ಮೇಲೇ ನಮ್ಮಿಂದ ಆಣೆ! 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಪಟೇಲಿಕೆ, ತೋಟಿಕೆ ಹೋದವು. ಬಾಯಿಮಾತಿನ ಕರೆ ಮಾತ್ರ ಹೋಗಲಿಲ್ಲ.

ಕಾನೂನು ಬೇರೆಯದೇ ಹೇಳುತ್ತದೆ. ಪೊಲೀಸರೂ ಕಂದಾಯದವರೂ ಹಿಂಸೆ ಕೊಟ್ಟು ಹಣ, ತಪ್ಪೊಪ್ಪಿಗೆ ಕೀಳುತ್ತಾರೆಂದು 1855ರಲ್ಲೇ ಮದ್ರಾಸಿನ ಚಿತ್ರಹಿಂಸೆ ಆಯೋಗ ಬರೆದಿಟ್ಟಿತು. ಪೊಲೀಸನ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ಮೇಲೆ ಸಾಬೀತು ಮಾಡುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತು. ಆಳುವ ಬಿಳಿಯನೇ ತನ್ನ ಪೊಲೀಸನನ್ನು ನಂಬಲಿಲ್ಲ!

ಸಾಕ್ಷಿಯನ್ನು ಕರೆಸುವ ಅಧಿಕಾರ ತನಿಖಾಧಿಕಾರಿಗೆ ಇದೆ. ಆದರೆ ಅದು ಲಿಖಿತ ಆದೇಶವಾಗಿರಬೇಕು. ಸಾಕ್ಷಿ ಆ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನವನಾಗಿರಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಕಲಮು ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 179 ಆಗಿದೆ. ಹೆಂಗಸರನ್ನು, 15ರೊಳಗಿನ ಹುಡುಗರನ್ನು, 60 ದಾಟಿದವರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬಾ ಎಂದು ಬಲವಂತ ಮಾಡುವಂತಿಲ್ಲ. ಅವರಿರುವ ಮನೆಗೇ ಹೋಗಿ ಕೇಳಬೇಕು. ಒರಿಸ್ಸಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರನ್ನೇ ಠಾಣೆಗೆ ಕರೆಸಿದ್ದರು. ಅದು ತಪ್ಪೆಂದು 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವರ ಪಾಡೇ ಹಾಗಾದರೆ ನಾಟಿಗೆ ಹೋಗುವ ನಮ್ಮ ಅವ್ವನ ಗತಿಯೇನು?

ಇನ್ನು ಪ್ರಮಾಣ. ಸಾಕ್ಷಿಗೆ ಪ್ರಮಾಣವಚನ ಬೋಧಿಸುವ ಅಧಿಕಾರ ತನಿಖೆಯ ಪೊಲೀಸನಿಗಿಲ್ಲ. ಅದು ನ್ಯಾಯಾಲಯದ್ದು, ಹೇಳಿಕೆ ಬರೆದುಕೊಳ್ಳುವ ಮ್ಯಾಜಿಸ್ಟ್ರೇಟರದ್ದು. ಪೊಲೀಸ್ ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ. ನಾವೇ ಕೊಡುವ ದೂರಿಗೆ ಮಾತ್ರ ಸಹಿ ಬೇಕು. ಇವೆರಡನ್ನೂ ಬೆರೆಸಬಾರದು.

ಹಾಗಂತ ಲಿಖಿತ ಕರೆ ಬಂದರೆ ಹೋಗದೆ ಕೂರುವಂತಿಲ್ಲ, ಅದು ಅಪರಾಧ. ಸುಳ್ಳು ಹೇಳುವಂತೆಯೂ ಇಲ್ಲ. ಆದರೆ ನಮ್ಮನ್ನೇ ಆರೋಪಿಯಾಗಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಬಾರದ ಸಾಕ್ಷಿಯನ್ನು ಬಲವಂತದಿಂದ ಎಳೆತರಿಸುವುದು ಕೋರ್ಟಿನ ಕೆಲಸ, ಪೇದೆಯದಲ್ಲ.

ಇದೆಲ್ಲ ಬರೀ ಕಲಮುಗಳ ಮಾತಲ್ಲ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಅಂಥ ಮೊಕದ್ದಮೆಯಲ್ಲಿ ಕೇರಿಯ ಸಾಕ್ಷಿಯೇ ಆಧಾರ. ಸಾಕ್ಷಿ ಹೆದರಿದರೆ ನ್ಯಾಯವೂ ಸತ್ತಂತೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಂತೆ ತನಿಖೆಗೆ, ವಿಚಾರಣೆಗೆ ಹೋಗಿಬರುವ ಸಾಕ್ಷಿಗೆ ಬಸ್‌ಚಾರ್ಜು ಸಿಗಬೇಕು, ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ದಿನದ ಖರ್ಚೂ ಸಿಗಬೇಕು. ಕೇಳಿ ಪಡೆದವರೆಷ್ಟು ಮಂದಿ?

ಮೇಷ್ಟ್ರುಗಳೇ, ಗೆಳೆಯರೇ, ಅಕ್ಷರ ಕಲಿಸುವಾಗ ಈ ಒಂದು ಮಾತನ್ನೂ ಕಲಿಸೋಣ: ‘ಬತ್ತೀವಿ ಸ್ವಾಮಿ, ಕಾಗ್ದ ಕೊಡಿ.’