ವಿಮೆ ಮಾರುವವನ ಕೈಲಿ ಬೆಂಕಿಪೊಟ್ಟಣ

ನಾನಿರೋ ಬಡಾವಣೆ ಜೀವನ್ ಬಿಮಾ ನಗರ. ಎಲ್‌ಐಸಿಯಿಂದ ಬಂದ ಹೆಸರು. ವಿಮೆ ಅಂದ್ರೇನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾಳೆ ಏನಾದ್ರೂ ಆದೀತು ಅನ್ನೋ ಭಯಕ್ಕೆ ಇವತ್ತು ಕಟ್ಟೋ ಕಂತು. ಆದ್ರೆ ವಿಮೆ ಮಾರಲು ಬಂದವನ ಕೈಯಲ್ಲೇ ಬೆಂಕಿಪೊಟ್ಟಣ ಇದ್ರೆ? 'ಕಂತು ಕಟ್ಟಿ, ನಿಮ್ಮ ಮನೆಗೆ ನಾನು ಬೆಂಕಿ ಹಚ್ಚಲ್ಲ' ಅಂದ್ರೆ ಅದನ್ನ ವಿಮೆ ಅಂತೀರಾ, ಹಫ್ತಾ ಅಂತೀರಾ?

2006ರ ನವೆಂಬರ್‌ನಲ್ಲಿ ಲಿನಕ್ಸ್ ಬಳಸುವವರು ಕೇಳಿದ್ದು ಇದೇ ಪ್ರಶ್ನೆ.

ಲಿನಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಅದು. ಅದರ ಒಳಗುಟ್ಟು ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಒಂದೇ ಷರತ್ತು: ನಿನಗೆ ಸಿಕ್ಕ ಹಕ್ಕು ಮುಂದಿನವನಿಗೂ ಸಿಗಬೇಕು. ಈ ಷರತ್ತಿನ ಕಾಗದಕ್ಕೆ ಜಿಪಿಎಲ್ ಅಂತ ಹೆಸರು. ಮೈಕ್ರೋಸಾಫ್ಟ್‌ಗೆ ಇದು ಕಣ್ಣಿಗೆ ಬಿದ್ದ ಕಸ. 2001ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನ ಕ್ಯಾನ್ಸರ್‌ಗೆ ಹೋಲಿಸಿದ್ದರು.

ಅದೇ ಬಾಲ್ಮರ್ 2006ರ ನವೆಂಬರ್ 2ರಂದು ನಾವೆಲ್ ಕಂಪನಿಯ ಜೊತೆ ಕೈ ಕುಲುಕಿದರು. ಆಗ ಸುಸೆ ಲಿನಕ್ಸ್ ಮಾರುತ್ತಿದ್ದ ಕಂಪನಿ ನಾವೆಲ್. ನಮಗೂ ದೂರದ್ದಲ್ಲ. ಅದರ ದೊಡ್ಡ ಅಭಿವೃದ್ಧಿ ಕೇಂದ್ರ ಬೆಂಗಳೂರಲ್ಲೇ ಇತ್ತು. ಲಿನಕ್ಸ್‌ನಲ್ಲಿ ಇ-ಮೇಲ್ ನೋಡಲು ಬಳಸುವ ಎವಲ್ಯೂಷನ್ ತಂತ್ರಾಂಶದ ಕೆಲಸ ಇಲ್ಲಿನ ಇಂಜಿನಿಯರ್‌ಗಳೇ ಮಾಡ್ತಿದ್ದರು. 2001ರಿಂದ ಇದೇ ಊರಲ್ಲಿ 'ಲಿನಕ್ಸ್ ಬೆಂಗಳೂರು' ಸಮಾವೇಶ ನಡೀತಿತ್ತು. ಲಿನಕ್ಸ್ ನಂಬಿದ ಹುಡುಗರು ಇಲ್ಲಿ ಕಡಿಮೆ ಇರಲಿಲ್ಲ.

ಒಪ್ಪಂದದಲ್ಲಿ ಏನಿತ್ತು? ಸುಸೆ ಕೂಪನ್‌ಗಳಿಗೆ ಮತ್ತು ಪೇಟೆಂಟ್ ಲೆಕ್ಕಕ್ಕೆ ಮೈಕ್ರೋಸಾಫ್ಟ್ ಕೊಟ್ಟದ್ದು ಸುಮಾರು 35 ಕೋಟಿ ಡಾಲರ್. ನಾವೆಲ್ ಐದು ವರ್ಷದಲ್ಲಿ ತಿರುಗಿ ಕೊಡಬೇಕಾದ್ದು ಕನಿಷ್ಠ 4 ಕೋಟಿ. ಎರಡೂ ಸಾಫ್ಟ್‌ವೇರ್ ಹೊಂದಿಕೊಂಡು ಕೆಲಸ ಮಾಡುವ ಹಾಗೆ ಮಾಡ್ತೀವಿ ಅಂದರು. ಎರಡನ್ನೂ ಬಳಸುವ ದೊಡ್ಡ ಸಂಸ್ಥೆಗಳಿಗೆ ಅದರಿಂದ ಉಪಯೋಗವೂ ಆಯ್ತು, ಇಲ್ಲ ಅನ್ನಲ್ಲ. ಮುಳ್ಳಿದ್ದದ್ದು ಇನ್ನೊಂದು ಕಡೆ. ನಾವೆಲ್‌ನ ಗ್ರಾಹಕರ ಮೇಲೆ ಪೇಟೆಂಟ್ ಕೇಸು ಹಾಕಲ್ಲ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿತು. ಹಾಗಾದ್ರೆ ಬೇರೆಯವರ ಲಿನಕ್ಸ್ ಬಳಸುವವರ ಗತಿ? ಜಾಣತನ ನೋಡಿ: ಮಾತು ಕೊಟ್ಟದ್ದು ನಾವೆಲ್‌ಗಲ್ಲ, ಅದರ ಗ್ರಾಹಕರಿಗೆ. ಜಿಪಿಎಲ್ ಅಕ್ಷರಕ್ಕೆ ಸಿಕ್ಕಿಬೀಳದೆ ನುಸುಳಿಕೊಳ್ಳುವ ದಾರಿ.

ಎರಡೇ ವಾರ. ಲಿನಕ್ಸ್‌ನಲ್ಲಿ ನಮ್ಮ ಬೌದ್ಧಿಕ ಆಸ್ತಿ ಇದೆ ಅಂದರು ಬಾಲ್ಮರ್. ಹಾಗಂತ ನಾವು ಒಪ್ಪಿಲ್ಲ ಅಂತ ನಾವೆಲ್ ಬಹಿರಂಗ ಪತ್ರ ಬರೆಯಬೇಕಾಯ್ತು. ವಿಂಡೋಸ್ ಮತ್ತು ಲಿನಕ್ಸ್ ನಡುವೆ ಕಡತ ಹಂಚುವ ಸಾಂಬಾ ತಂತ್ರಾಂಶದ ಜೆರೆಮಿ ಆಲಿಸನ್ ಡಿಸೆಂಬರ್‌ನಲ್ಲಿ ನಾವೆಲ್ ಕೆಲಸಕ್ಕೇ ರಾಜೀನಾಮೆ ಕೊಟ್ಟರು. 2007ರ ಮೇನಲ್ಲಿ ಮೈಕ್ರೋಸಾಫ್ಟ್ ಸಂಖ್ಯೆ ಹೇಳಿತು: 235 ಪೇಟೆಂಟ್ ಉಲ್ಲಂಘನೆ. ಯಾವ್ಯಾವುದು? ಪಟ್ಟಿ ಕೊಡಲಿಲ್ಲ. ಪಟ್ಟಿ ಕೊಟ್ರೆ ಆ ಭಾಗ ತೆಗೆದು ಬೇರೆ ಬರೆದುಬಿಡ್ತಾರಲ್ಲ!

ಆಗ ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಸ್ಟೆಲ್‌ನಲ್ಲಿ ಲಿನಕ್ಸ್ ಸಿಡಿಗಳು ಕೈಯಿಂದ ಕೈಗೆ ಓಡಾಡ್ತಿದ್ದ ಕಾಲ. 'ದೊಡ್ಡೋರು ರಾಜಿ ಆದ್ರು, ಇವರಿಗೇನು ಹೊಟ್ಟೆಯುರಿ' ಅನ್ನೋರೂ ಇದ್ದರು. ಹೊಟ್ಟೆಯುರಿ ಅಲ್ಲ ಸ್ವಾಮಿ. ಅನುಮಾನ ಪಟ್ಟವರು ಬೈದು ಸುಮ್ಮನಾಗಲಿಲ್ಲ, ಕಾಗದ ತಿದ್ದಿದರು. 2007ರ ಜೂನ್ 29ರಂದು ಜಿಪಿಎಲ್‌ನ ಮೂರನೇ ಆವೃತ್ತಿ ಬಂತು. ಸಾಫ್ಟ್‌ವೇರ್ ಹಂಚುವವನು ಕೆಲವರಿಗೆ ಪೇಟೆಂಟ್ ರಕ್ಷಣೆ ಕೊಟ್ಟರೆ ಅದನ್ನು ಪಡೆದ ಎಲ್ಲರಿಗೂ ಆ ರಕ್ಷಣೆ ತಾನಾಗೇ ಸಲ್ಲುತ್ತದೆ ಅಂತ ಬರೆದರು. ಲಿನಕ್ಸ್‌ನ ತಿರುಳು ಎರಡನೇ ಆವೃತ್ತಿಯಲ್ಲೇ ಉಳಿಯಿತು, ನಿಜ. ಆದ್ರೆ ಮೈಕ್ರೋಸಾಫ್ಟ್ ತಕ್ಷಣ, 'ಮೂರನೇ ಆವೃತ್ತಿಗೆ ನಾವು ಬದ್ಧರಲ್ಲ' ಅಂತ ಹೇಳಿಕೆ ಕೊಟ್ಟಿತು. ಚುರುಕು ಮುಟ್ಟಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಮುಂದೇನಾಯ್ತು? 2010ರಲ್ಲಿ ನಾವೆಲ್ ಮಾರಾಟಕ್ಕೆ ಬಂತು. ಅದರ 882 ಪೇಟೆಂಟ್‌ಗಳನ್ನು 45 ಕೋಟಿ ಡಾಲರ್‌ಗೆ ಕೊಳ್ಳಲು ಬಂದದ್ದು ಮೈಕ್ರೋಸಾಫ್ಟ್ ಮುಂದಾಳತ್ವದ ಕೂಟ. ಮತ್ತೆ ಅದೇ ಅನುಮಾನದ ಜನ ದೂರು ಕೊಟ್ಟರು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ವ್ಯವಹಾರದ ಷರತ್ತನ್ನೇ ಬದಲಿಸಿತು. ಮೈಕ್ರೋಸಾಫ್ಟ್ ತನ್ನ ಪಾಲಿನ ಪೇಟೆಂಟ್ ವಾಪಸ್ ಮಾರಬೇಕಾಯ್ತು.

ಇದು ಇಂಜಿನಿಯರ್‌ಗಳ ಜಗಳ, ನಮಗೇನು ಅಂದ್ಕೋಬೇಡಿ. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ತಿರುಳು ಕೂಡ ಲಿನಕ್ಸ್. ಅದೇ ಪೇಟೆಂಟ್ ಭಯ ತೋರಿಸಿ ಮೈಕ್ರೋಸಾಫ್ಟ್ ಫೋನ್ ಕಂಪನಿಗಳಿಂದ ಕಂತು ಕಟ್ಟಿಸಿಕೊಂಡಿತು. ಸ್ಯಾಮ್ಸಂಗ್ ಒಂದೇ ವರ್ಷ 100 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟದ್ದು 2014ರಲ್ಲಿ ಕೋರ್ಟ್ ಕಡತದಿಂದ ಹೊರಬಂತು. ಕಂಪನಿ ಕಟ್ಟೋ ದುಡ್ಡು ಕೊನೆಗೆ ಯಾರ ಜೇಬಿಂದ ಹೋಗುತ್ತೆ?

ಅದೇ ವರ್ಷ ಮೈಕ್ರೋಸಾಫ್ಟ್‌ನ ಹೊಸ ಮುಖ್ಯಸ್ಥ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ, ನಮಗೆ ಲಿನಕ್ಸ್ ಮೇಲೆ ಪ್ರೀತಿ ಅಂತ ಸಾರಿದರು. ಅನುಮಾನ ಆಗಲೂ ಹೋಗಲಿಲ್ಲ. ಬಹಳಷ್ಟು ಜನರ ಅನುಮಾನ ಸಡಿಲವಾದದ್ದು 2018ರ ಅಕ್ಟೋಬರ್‌ನಲ್ಲಿ. ಲಿನಕ್ಸ್ ರಕ್ಷಣೆಗಿರುವ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಸೇರಿ, ತನ್ನ 60,000ಕ್ಕೂ ಹೆಚ್ಚು ಪೇಟೆಂಟ್‌ಗಳ ವಿಷಯದಲ್ಲಿ ಮೈಕ್ರೋಸಾಫ್ಟ್ ಸಹಿ ಹಾಕಿದಾಗ. ಪ್ರೀತಿಯ ಮಾತಿಗೂ ಆ ಸಹಿಗೂ ನಡುವೆ ನಾಲ್ಕು ವರ್ಷ.

ಅನುಮಾನ ಪಡೋರನ್ನ ನಾವು ಅಭಿವೃದ್ಧಿ ವಿರೋಧಿಗಳು ಅಂತ ಬೇಗ ಬೈದುಬಿಡ್ತೀವಿ. ಈ ಇತಿಹಾಸ ಹೇಳೋದು ಬೇರೆ. ಷರತ್ತು ಓದಿದವರು, ಪ್ರಶ್ನೆ ಕೇಳಿದವರು, ರಾಜೀನಾಮೆ ಕೊಟ್ಟವರು ಇಲ್ಲದಿದ್ರೆ ಆ ಸಹಿ ಬರ್ತಿತ್ತಾ? ದೊಡ್ಡವರು ಕೈ ಕುಲುಕಿದಾಗ ಚಪ್ಪಾಳೆ ಹೊಡೆಯೋಣ, ಬೇಡ ಅನ್ನಲ್ಲ. ಮೊದಲು ಕಾಗದ ಓದೋಣ.