ಅನಾಮಿಕ ಮದ್ಯವ್ಯಸನಿಗಳ ಸಂಘ: ಅದರ ಹುಟ್ಟು ಮತ್ತು ನಮ್ಮ ಹೊಣೆ

ಕುಡಿತದಿಂದ ಹಾಳಾದ ಮನೆಗಳ ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ವಾರದ ಕೂಲಿ ಹೊಸ್ತಿಲು ದಾಟುವ ಮೊದಲೇ ಕರಗಿಹೋಗುವುದನ್ನೂ, ಮಡದಿ ಮಕ್ಕಳು ಬೀದಿಯ ಸದ್ದಿಗೆ ಕಿವಿಗೊಟ್ಟು ಕುಳಿತಿರುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಇಂಥ ಮನೆಗೆ ಉಪದೇಶ ನೀಡುವವರು ಹಲವರು. ಕುಡಿದು ಬಿಟ್ಟವರು ಸೇರುವ ಸ್ಥಳವನ್ನು ತೋರಿಸುವವರು ವಿರಳ. ಅಂಥದೊಂದು ಸ್ಥಳ ಹೇಗೆ ಉಂಟಾಯಿತೆಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ಅರಿಯೋಣ.

ಹಿಂದಿನ ಕಾಲದ ಮುಖ್ಯ ಉಪಾಯವೆಂದರೆ ಪ್ರತಿಜ್ಞೆ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂರವರು ಪಾನತ್ಯಾಗದ ಆಂದೋಲನವನ್ನು ಕೈಗೊಂಡಾಗ ಲಕ್ಷಾಂತರ ಜನರು ಪ್ರತಿಜ್ಞೆ ಸ್ವೀಕರಿಸಿದರು. ಡಬ್ಲಿನ್ನಿನ ಬಡ ಕೂಲಿಗಾರ ಮ್ಯಾಟ್ ಟಾಲ್ಬಟ್ 1884ರಲ್ಲಿ ಕುಡಿತ ತೊರೆದು, 1925ರಲ್ಲಿ ಕಣ್ಣುಮುಚ್ಚುವವರೆಗೂ ಮದ್ಯವನ್ನು ಮುಟ್ಟಲಿಲ್ಲ. ಧರ್ಮಸಭೆಯು 1975ರಲ್ಲಿ ಆತನನ್ನು ಪೂಜ್ಯನೆಂದು ಘೋಷಿಸಿತು. ಆದರೆ ಎಲ್ಲರ ಮನೋಬಲವೂ ಟಾಲ್ಬಟ್ಟನದಲ್ಲ. ಪ್ರತಿಜ್ಞೆ ಮುರಿದವನು ಮರುದಿನ ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಅಮೆರಿಕೆಯ ಆಕ್ರನ್ ಎಂಬ ನಗರದಲ್ಲಿ.

1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬವರು ವ್ಯವಹಾರ ನಿಮಿತ್ತ ಅಲ್ಲಿಗೆ ಬಂದಿದ್ದರು. ಕುಡಿತ ಬಿಟ್ಟು ಆಗ ಐದೇ ತಿಂಗಳು. ಕೈಹಿಡಿದ ಕೆಲಸ ಕೆಟ್ಟಿತ್ತು. ಹೊಟೇಲಿನ ಮೊಗಸಾಲೆಯಲ್ಲಿ ಒಬ್ಬಂಟಿಯಾಗಿ ನಿಂತಿದ್ದಾಗ ಒಂದು ಕಡೆಯಿಂದ ಪಾನಗೃಹದ ನಗು ಕೇಳಿಬರುತ್ತಿತ್ತು. ಇನ್ನೊಂದು ಕಡೆ ಊರಿನ ದೇವಾಲಯಗಳ ಪಟ್ಟಿ ತೂಗುತ್ತಿತ್ತು. ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂದು ಅವರಿಗೆ ಹೊಳೆಯಿತು. ಪಟ್ಟಿಯಿಂದ ಆರಿಸಿಕೊಂಡು ವಾಲ್ಟರ್ ಟಂಕ್ಸ್ ಎಂಬ ಎಪಿಸ್ಕೋಪಲ್ ಪಾದ್ರಿಗೆ ದೂರವಾಣಿ ಮಾಡಿದರು. ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತ ಹೋಗಿ, ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಮೇ 12ರಂದು, ಮಾತೆಯರ ದಿನದಂದು, ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ತಮ್ಮ ಮನೆಗೆ ಕರೆಸಿದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಬಂದ ವೈದ್ಯರು ಆರು ಗಂಟೆಗೂ ಮೀರಿ ಕುಳಿತರು. ಏಕೆಂದರೆ ಎದುರಿಗಿದ್ದಾತ ಬೋಧಿಸಲಿಲ್ಲ. ತನ್ನ ಪಾಡನ್ನು ಹೇಳಿಕೊಂಡ. ಮುಂದೆ ಒಮ್ಮೆ ಜಾರಿಬಿದ್ದರೂ, ಜೂನ್ 10ರಂದು ವೈದ್ಯರು ಕುಡಿದದ್ದೇ ಅವರ ಕೊನೆಯ ಗುಟುಕು. ಆ ದಿನವನ್ನೇ ಸಂಘದ ಜನ್ಮದಿನವೆಂದು ಆಚರಿಸಲಾಗುತ್ತದೆ.

1939ರಲ್ಲಿ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಗ್ರಂಥ ಹೊರಬಂದು, ಸಂಘಕ್ಕೂ ಅದೇ ಹೆಸರು ನಿಂತಿತು. ಅದೇ ವರ್ಷ ಆಕ್ರನ್ನಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ಧರ್ಮಭಗಿನಿ ಇಗ್ನೇಷಿಯಾರವರು, ಕುಡುಕರಿಗೆ ಆಸ್ಪತ್ರೆಗಳು ಹಾಸಿಗೆ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಡಾ. ಸ್ಮಿತ್ತರ ರೋಗಿಗಳನ್ನು ಒಳಗೆ ಸೇರಿಸಿಕೊಂಡರು. ಗುಣಹೊಂದಿ ಹೊರಡುವವನ ಕೈಗೆ ಯೇಸುವಿನ ಪವಿತ್ರ ಹೃದಯದ ಬಿಲ್ಲೆಯೊಂದನ್ನಿಟ್ಟು, ಮತ್ತೆ ಕುಡಿಯುವ ಮುನ್ನ ಇದನ್ನು ನನಗೆ ಹಿಂದಿರುಗಿಸಬೇಕೆಂದು ಹೇಳುತ್ತಿದ್ದರು. ಬಿದ್ದವನಿಗೂ ಮರಳುವ ಬಾಗಿಲೊಂದಿದೆ ಎಂಬ ಭರವಸೆ ಅದರಲ್ಲಿತ್ತು. 1940ರಲ್ಲಿ ಯೇಸುಸಭೆಯ ಫಾದರ್ ಎಡ್ವರ್ಡ್ ಡೌಲಿಂಗರು ವಿಲ್ಸನ್ನರನ್ನು ಅರಸಿಕೊಂಡು ಬಂದರು. ಸಂಘದ ಹನ್ನೆರಡು ಮೆಟ್ಟಿಲುಗಳಿಗೂ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಸಾಮ್ಯ ಅವರ ಗಮನ ಸೆಳೆದಿತ್ತು. ಸ್ವತಃ ವ್ಯಸನಿಯಲ್ಲದ ಈ ಗುರುಗಳು ವಿಲ್ಸನ್ನರಿಗೆ ಕೊನೆಯವರೆಗೂ ಆತ್ಮಬಂಧುವಾಗಿದ್ದರು.

ಆದರೂ ಈ ಸಂಘ ಯಾವ ಮತಕ್ಕೂ ಸೇರಿದುದಲ್ಲ. 1950ರಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳ ಪ್ರಕಾರ ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಶುಲ್ಕವಿಲ್ಲ; ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ; ಹೊರಗಿನವರ ದಾನ ಸ್ವೀಕರಿಸುವುದಿಲ್ಲ. ದೇವಾಲಯದ ಕೋಣೆಯಲ್ಲಿ ಸಭೆ ಸೇರಿದರೂ ದೇವಾಲಯ ಅದರ ಒಡೆಯನಲ್ಲ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕೂರಬಲ್ಲರು.

1957ರಲ್ಲಿ ಮುಂಬಯಿಯಲ್ಲಿ ಬೇರೂರಿದ ಈ ಕಾರ್ಯ ಮುಂದೆ ನಮ್ಮ ನಾಡಿಗೂ ಹಬ್ಬಿತು. ಇಂದು ಬೆಂಗಳೂರು, ಮಂಗಳೂರು ಮೊದಲಾದೆಡೆ ಸಭೆಗಳು ನಡೆಯುತ್ತಿವೆ. ಕನ್ನಡದಲ್ಲಿ ನಡೆಯುವವೂ ಉಂಟು. ಹೊಸಬರು ತಿಳಿದಿರಬೇಕಾದುದಿಷ್ಟು: ತೆರೆದ ಸಭೆಗೆ ಯಾರೂ ಬರಬಹುದು, ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಮನೆಯವರಿಗಾಗಿ 1951ರಲ್ಲಿ ಆರಂಭವಾದ ಆಲ್-ಅನಾನ್ ಎಂಬ ಬೇರೆ ಸಂಘವೇ ಇದೆ. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಅಪಸ್ಮಾರ, ಬುದ್ಧಿಭ್ರಮಣೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣುವುದು ಅಗತ್ಯ.

ಸಭೆ ಎಲ್ಲಿದೆಯೆಂಬುದನ್ನು ಇಂದು ದೂರವಾಣಿಯಿಂದಲೂ ಅಂತರಜಾಲದಿಂದಲೂ ತಿಳಿಯಬಹುದು. ಆದರೆ ನಾಚಿಕೆ ಎಂಬುದು ಬೆರಳನ್ನು ಹಿಂದಕ್ಕೆ ಎಳೆಯುತ್ತದೆ. ಕೇಳಲು ಅಂಜುವವನ ಕಣ್ಣಿಗೆ ತಾನಾಗಿಯೇ ಬೀಳುವಂತೆ, ಸಮೀಪದ ಸಭೆಯ ಸ್ಥಳ, ದಿನ ಹಾಗೂ ವೇಳೆಯನ್ನು ಪ್ರತಿ ದೇವಾಲಯದ ಸೂಚನಾ ಫಲಕದಲ್ಲಿ ಬರೆದಿಡುವುದು ಕಷ್ಟದ ಕೆಲಸವೇನಲ್ಲ. ವಿಚಾರಣಾ ಗುರುಗಳಿಗೆ ಆ ವಿಳಾಸ ಬಾಯಿಪಾಠವಾಗಿರಲಿ. ಸಂಜೆ ಬರಿದಾಗಿರುವ ಶಾಲೆಯ ಕೋಣೆಯೊಂದು ವಾರಕ್ಕೊಮ್ಮೆ ತೆರೆದಿರಲಿ. ಒಳಹೋದವನ ಹೆಸರು ನಮ್ಮ ನಾಲಿಗೆಯ ಮೇಲೆ ಬಾರದಿರಲಿ. ಆಕ್ರನ್ನಿನಲ್ಲಿ ಒಬ್ಬ ಪಾದ್ರಿ ದೂರವಾಣಿಗೆ ಓಗೊಟ್ಟು ಕೆಲವು ಹೆಸರುಗಳನ್ನು ಹೇಳಿದರು; ಅಷ್ಟರಿಂದಲೇ ಅಸಂಖ್ಯಾತ ಮನೆಗಳಲ್ಲಿ ದೀಪ ಹೊತ್ತಿತು. ನಮ್ಮಿಂದ ಅಪೇಕ್ಷಿತವಾದುದೂ ಅಷ್ಟೇ.