ಬೋರ್ಡಿಂಗಿನ ಪಂಕ್ತಿ

ಕೊಗನೊಳ್ಳಿಯ ಹೆದ್ದಾರಿ ಉತ್ತರಕ್ಕೆ ಕೊಲ್ಹಾಪುರವನ್ನೂ ದಕ್ಷಿಣಕ್ಕೆ ಬೆಳಗಾವಿಯನ್ನೂ ಮುಟ್ಟುತ್ತದೆ. ಆದರೆ ಓದಲು ಹೊರಟ ಹಳ್ಳಿಯ ಹುಡುಗನಿಗೆ ದಾರಿಯೊಂದಿದ್ದರೆ ಸಾಲದು. ಪರವೂರಿನಲ್ಲಿ ಅನ್ನ, ನೆರಳು ಬೇಕಲ್ಲವೆ?

ಇದನ್ನರಿತ ಶಾಹು ಮಹಾರಾಜರ ಆಶ್ರಯದಲ್ಲಿ 1901ರಲ್ಲಿ ಕೊಲ್ಹಾಪುರದ ಮರಾಠಾ ಬೋರ್ಡಿಂಗ್ ಎದ್ದಿತು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ ಬೋರ್ಡಿಂಗುಗಳು. 1908ರಲ್ಲಿ ಅಸ್ಪೃಶ್ಯರೆನಿಸಿದವರಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಬಡವನಿಗೆ ಅವು ಅನ್ನವಿಟ್ಟವು. ಪಂಕ್ತಿ ಮಾತ್ರ ಬೇರೆಬೇರೆಯಾಗಿಯೇ ಉಳಿಯಿತು.

ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. 2006ರಲ್ಲಿ ಆ ಬಳಗದಿಂದಲೇ ಖಾಸಗಿ ವಿಶ್ವವಿದ್ಯಾಲಯವೊಂದು ಮೂಡಿತು. ಇಂದು ಅಲ್ಲಿ ನಾನಾ ನಾಡಿನ ಮಕ್ಕಳು ಓದುತ್ತಾರೆ. ವಿದ್ಯಾಲಯಗಳ ಚರಿತ್ರೆ ಬರೆಯುವವರು ಪದವೀಧರರನ್ನು ಎಣಿಸಲಿ; ನಾನಾದರೋ, ಯಾರ ಪಕ್ಕದಲ್ಲಿ ಯಾರು ಕುಳಿತು ಉಂಡರೆಂದು ಮೊದಲು ಕೇಳುತ್ತೇನೆ.